ತೋಟಗಳನ್ನು ಕಿಲೋಮೀಟರಿನಲ್ಲಿ ಕರೆಯುತ್ತಿದ್ದವರು

ಅವರು ಹೋದ ಮೇಲೆ ನಮ್ಮ ಬೀದಿ ತಣ್ಣಗಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೀದಿ ಮೊದಲಿನಷ್ಟೇ ಗಲಾಟೆ ಮಾಡುತ್ತಿದೆ. ಆ ಗಲಾಟೆಯನ್ನು ತಡೆದು ನಿಲ್ಲಿಸಿ "ಅದೆಂಗೆ ಹೇಳ್ತೀಯ?" ಎಂದು ಕೇಳುವವರು ಇಲ್ಲ, ಅಷ್ಟೇ. ತಿಪಟೂರಿನಲ್ಲಿ ಮಾತಾಡುವವರಿಗೆ ಯಾವತ್ತೂ ಬರವಿಲ್ಲ. ಮಾತಿನ ಲೈಸೆನ್ಸು ಕೇಳುವವರು ಕಡಿಮೆ.

ನನಗೆ ಅವರು ದೊಡ್ಡಪ್ಪ. ರಕ್ತಸಂಬಂಧವಲ್ಲ, ಗೋಡೆಸಂಬಂಧ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರಿಗೆ ನಾನು ಲಾಯರಮ್ಮ. ಕಾನೂನು ಓದಿದವಳಲ್ಲ ನಾನು; ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಒಂದಷ್ಟು ಫಲಕ ಗೆದ್ದು ತಂದವಳು. "ಎರಡು ಕಡೇನೂ ಮಾತಾಡಕ್ಕೆ ಬತ್ತದೆ ಅಂದ್ಮೇಲೆ ಇನ್ನೇನ್ ಬೇಕು?" ಎಂದು ಅವರೇ ಕೊಟ್ಟ ಪದವಿ ಅದು.

ಒಮ್ಮೆ ನನ್ನ ಮಾತು ಕೇಳಲು ಕಾಲೇಜಿಗೇ ಬಂದಿದ್ದರು. ಮುಂದಿನ ಸಾಲಿನಲ್ಲಿ, ಪ್ರಾಂಶುಪಾಲರ ಪಕ್ಕದ ಕುರ್ಚಿಯಲ್ಲಿ. ಹಳ್ಳಿಗೆ ಮೊದಲು ಬಸ್ಸು ಬೇಕೋ ರಸ್ತೆ ಬೇಕೋ ಎಂಬುದು ವಿಷಯ. ನಾನು ಬಸ್ಸಿನ ಪರ. ಇನ್ನೂ ಎರಡನೇ ಅಂಶಕ್ಕೆ ಬರುತ್ತಿದ್ದೆ, ಕೆಳಗಡೆ ಅವರ ಎಡ ಹೆಗಲ ಮೇಲಿದ್ದ ಟವೆಲ್ಲು ಬಲ ಹೆಗಲಿಗೆ ಬಂತು. ನಮ್ಮ ಬೀದಿಯವರಿಗೆಲ್ಲ ಗೊತ್ತಿದ್ದ ಸೂಚನೆ ಅದು: ವಾದ ಶುರು.

"ಅದೆಂಗೆ ಹೇಳ್ತೀಯಮ್ಮ? ರಸ್ತೆ ಇಲ್ದೆ ಬಸ್ಸು ಹಾರ್ಕಂಡ್ ಬತ್ತದಾ?"

ಸಭೆ ಗೊಳ್ಳೆಂದಿತು. ತೀರ್ಪುಗಾರರು ಅವರನ್ನು ಕೂರಿಸಲೆಂದು ಗಂಟೆ ಬಾರಿಸಿದರು. ಅವರು ನನ್ನ ಕಡೆ ಕೈ ಮಾಡಿ, "ನೋಡು, ಅವ್ರೂ ಸಾಕು ಅಂತಾವ್ರೆ" ಎಂದರು. ಆ ದಿನ ನನಗೆ ಫಲಕ ಬರಲಿಲ್ಲ. ಬಸ್ಸಿನ ಪರ ವಾದ ಈಗಲೂ ಗೆಲ್ಲಬಲ್ಲದ್ದೇ ಎಂದು ನನ್ನ ನಂಬಿಕೆ.

ಅವರು ಕೊಬ್ಬರಿ ವ್ಯಾಪಾರಸ್ಥರು. ನಮ್ಮ ಕಡೆ ಕಾಯಿಯನ್ನು ಕೆಡವಿದ ತಕ್ಷಣ ಮಾರುವುದಿಲ್ಲ. ಅಟ್ಟದ ಮೇಲೆ ಹರವಿ ವರ್ಷದ ಹತ್ತಿರ ಬಿಡುತ್ತಾರೆ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗುಂಡಿನ ಹಾಗೆ ಉರುಳಾಡಬೇಕು. ಅವರು ಅಟ್ಟ ಹತ್ತಿ ಒಂದು ಕಾಯಿ ಕೈಗೆತ್ತಿಕೊಂಡು, ಕಣ್ಣು ಮುಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಸದ್ದು ಬರದಿದ್ದರೆ "ಇನ್ನೂ ಮಲಗವ್ನೆ" ಎಂದು ಮೆಲ್ಲಗೆ ಇಡುವರು, ಎಬ್ಬಿಸಬಾರದೆಂಬಂತೆ. ಬಂದರೆ "ಎದ್ದ!" ಎಂದು ಮನೆಯವರಿಗೆಲ್ಲ ಕೇಳುವಂತೆ ಕೂಗುವರು.

ಹೀಗಾಗಿ ಒಂದೊಂದು ತೋಟಕ್ಕೆ ಅವರು ಹೋಗುತ್ತಿದ್ದುದು ವರ್ಷಕ್ಕೊಮ್ಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಎಲ್ಲಿ ನೋಡಿದರೂ ತೆಂಗೇ. ಒಂದು ತೋಟದ ಬಾಗಿಲು ಇನ್ನೊಂದರಂತೆಯೇ ಇರುತ್ತದೆ. ಇದಕ್ಕೆ ಅವರು ಕಂಡುಕೊಂಡಿದ್ದ ಉಪಾಯ ಇಡೀ ತಾಲ್ಲೂಕಿನಲ್ಲಿ ಅವರೊಬ್ಬರದೇ. ಮನೆಯ ಮುಂದೆ ತಮ್ಮ ಪಿಕಪ್ ಗಾಡಿಯಲ್ಲಿ ಆ ಪ್ರಯಾಣದ ದೂರ ಎಣಿಸುವ ಟ್ರಿಪ್ ಮೀಟರನ್ನು ಸೊನ್ನೆಗೆ ಒತ್ತಿ ಹೊರಡುವುದು. ತೋಟ ಬಂದಾಗ ಮೀಟರು ಎಷ್ಟು ತೋರಿಸುತ್ತದೋ ಅದೇ ಆ ತೋಟದ ಹೆಸರು. ಹಂದನಕೆರೆ ದಾರಿಯ ಇಪ್ಪತ್ತೆರಡು. ಅರಳಗುಪ್ಪೆ ಕಡೆಯ ಹದಿಮೂರು. ತುರುವೇಕೆರೆ ದಾರಿಯ ಹದಿನೇಳು, ಎಡಕ್ಕೆ. ಮಾಲೀಕರ ಹೆಸರು ಅವರಿಗೆ ಬೇಕಾಗಿಯೇ ಇರಲಿಲ್ಲ. ಮದುವೆಮನೆಯಲ್ಲಿ ಊಟದ ಪಂಕ್ತಿಯ ಆಚೆ ತುದಿಗೆ ಕೈಬೀಸಿ, "ಓ ಹದಿನೇಳು! ಎಡಕ್ಕೆ ಬಾ, ಇಲ್ಲಿ ಜಾಗ ಐತೆ" ಎಂದು ಕರೆದದ್ದನ್ನು ನಾನೇ ಕೇಳಿದ್ದೇನೆ. ಆ ಮನುಷ್ಯ ಬಂದು ಕೂತರು ಕೂಡ.

"ಹೆಸರು ಇಟ್ಕಳದು ಯಾಕೆ? ಕರೆಯಕ್ಕೆ. ನಾನು ಕರೆದ್ರೆ ಬಂದ್ರಲ್ಲ. ಮತ್ತೇನು?"

ಒಂದು ಬೇಸಿಗೆ ಆ ಪಿಕಪ್ಪು ಬೀದಿಗೆ ಬಂದು ನಿಂತಾಗ ಏನೋ ಎತ್ತರವಾದಂತೆ ಕಂಡಿತು. ನಾಲ್ಕು ಟೈರೂ ಬದಲಾಗಿದ್ದವು, ಡಿಸ್ಕ್ ಸಮೇತ. ಮೊದಲಿನವು ಕುಳ್ಳಗೆ, ಅಗಲಕ್ಕೆ ಇದ್ದವು. ಇವು ಎತ್ತರ, ಸಣಕಲು. ಯಾವುದೋ ಜೀಪಿನಿಂದ ಬಿಚ್ಚಿದ್ದಂತೆ.

"ಏನ್ ದೊಡ್ಡಪ್ಪ, ಗಾಡಿಗೆ ಮರಗಾಲು ಕಟ್ಟಿಸಿದ್ದೀರಾ?"

"ನಗಬ್ಯಾಡ. ಡೀಸೆಲ್ ಉಳಿಸೋ ದಾರಿ ಇದು." ಟವೆಲ್ಲು ಬಲಕ್ಕೆ ಬಂತು. "ಎತ್ತಿನ ಗಾಡಿ ಚಕ್ರ ನೋಡಿದ್ದೀಯಾ? ಎಷ್ಟು ಎತ್ತರ, ಎಷ್ಟು ಸಣ್ಣ! ನಮ್ಮ ತಾತ ಮುತ್ತಾತ ಏನು ಪೆದ್ದರಾ? ಚಕ್ರ ಎತ್ತರ ಇದ್ರೆ ಗುಂಡಿ ಗೊತ್ತಾಗಲ್ಲ. ಸಣ್ಣಕ್ಕಿದ್ರೆ ಗಾಳಿ ತಡೆಯಲ್ಲ. ಎತ್ತಿಗೆ ಹಗುರ ಆಗಿದ್ದು ಇಂಜಿನ್‌ಗೆ ಭಾರ ಆಯ್ತದಾ?"

"ಎತ್ತಿಗೆ ಗೇರ್ ಇಲ್ಲ ದೊಡ್ಡಪ್ಪ. ಇಂಜಿನ್‌ಗೆ ಎತ್ತರದ ಚಕ್ರ ಅಂದ್ರೆ ಯಾವಾಗ್ಲೂ ಅರ್ಧ ಗೇರ್ ಮೇಲೇ ಓಡ್ಸಿದ ಹಂಗೆ. ಲೋಡ್ ಹಾಕ್ಕೊಂಡು ಏರು ಹತ್ತುವಾಗ ತಿಣುಕುತ್ತೆ. ತಿಣುಕಿದ್ರೆ ಕುಡಿಯುತ್ತೆ."

"ಏರಲ್ಲಿ ಕುಡೀಲಿ ಬುಡು. ಸಾಫ್ ರಸ್ತೇಲಿ ಉಳಿಸ್ತದೆ."

"ಪುರಾವೆ?"

"ತಿಂಗಳು ತಡಿ. ನೀನೇ ಲೆಕ್ಕ ಹಾಕು."

ಹಾಕಿದೆ. ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ, ಮೀಟರಿನ ಕಿಲೋಮೀಟರುಗಳನ್ನು ಲೀಟರುಗಳಿಂದ ಭಾಗಿಸಿದೆ. ಮೈಲೇಜು ಮೊದಲಿಗಿಂತ ಇಳಿದಿತ್ತು. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವರ ಮುಂದೆ ಫಲಿತಾಂಶ ಘೋಷಿಸಿ, ಟವೆಲ್ಲನ್ನೇ ನೋಡುತ್ತ ನಿಂತೆ. ನನ್ನ ಮೂರು ಪ್ರತಿವಾದಗಳು ಸಿದ್ಧವಾಗಿದ್ದವು.

ಟವೆಲ್ಲು ಅಲುಗಲಿಲ್ಲ.

"ನೀನೇ ಸರಿ ಬುಡು" ಎಂದು ಎದ್ದು ಒಳಗೆ ಹೋದರು.

ಗೆಲುವು ನನಗೆ ಹೊಸದಲ್ಲ. ಆದರೆ ಎದುರಾಳಿ ಬಾಯಿಯನ್ನೇ ತೆರೆಯದೆ ಸೋತರೆ, ಅವನು ಸೋತದ್ದು ನಿಮ್ಮ ಮಾತಿಗಲ್ಲ. ಈ ಮನುಷ್ಯ ತೀರ್ಪುಗಾರರ ಗಂಟೆಗೇ ಸೋಲದವರು. ಆ ಸಂಜೆ ನನಗೆ ಊಟ ರುಚಿಸಲಿಲ್ಲ.

ಮಾರನೆಯ ದಿನ ದೊಡ್ಡಮ್ಮ, ಅವರ ಹೆಂಡತಿ, ಹಿತ್ತಲ ಗೋಡೆಯ ಮೇಲಿಂದ ಸೊಪ್ಪಿನ ಕಟ್ಟು ಕೊಡುವ ನೆಪದಲ್ಲಿ ನನ್ನನ್ನು ಕರೆದರು. ದನಿ ತಗ್ಗಿಸಿ, "ಗಾಡಿ ಮಾರಿಬುಡ್ತೀನಿ ಅಂತಾವ್ರೆ ಕಣಮ್ಮ" ಎಂದರು.

"ಯಾಕೆ ದೊಡ್ಡಮ್ಮ? ಟೈರ್ ವಿಷ್ಯಕ್ಕಾ?"

"ಟೈರ್ ಮನೆ ಹಾಳಾಗ. ಹಾಲ್ಕುರಿಕೆ ಕಡೆ ಯಾರ್ದೋ ತೋಟದ ಮುಂದೆ ನಿಂತು ಹಾರನ್ ಹೊಡೆದವ್ರೆ. ಹೋಗಬೇಕಾಗಿದ್ದ ತೋಟವೇ ಅಲ್ವಂತೆ ಅದು. ಅದಾದ್ಮೇಲೆ ಇನ್ನೊಂದ್ ಕಡೇನೂ ಹಂಗೇ. ಊಟಕ್ಕೆ ಕೂತ್ರೆ ತುತ್ತು ಕೈಯಲ್ಲೇ ಇರ್ತದೆ." ಸೊಪ್ಪಿನ ಕಟ್ಟನ್ನು ಅವರು ಇನ್ನೂ ನನ್ನ ಕೈಗೆ ಕೊಟ್ಟಿರಲಿಲ್ಲ. "ಇವ್ರಪ್ಪನಿಗೂ ಹಿಂಗೇ ಶುರುವಾಗಿದ್ದು. ಕಂಡೋರ ಮನೆ ಮುಂದೆ ನಿಂತು ಬಾಗ್ಲು ತೆಗೀರಿ ಅಂತಿದ್ರು. ಆಮೇಲಾಮೇಲೆ ಮಕ್ಕಳ ಗುರ್ತು ಹೋಯ್ತು. ಕೊನೆಗೆ ನಮ್ಮತ್ತೆಗೇ, ಯಾರಮ್ಮ ನೀನು, ನಿಮ್ಮನೆಗೋಗು ಅಂದ್ರು. ಆ ಮುದುಕಿ ಹಿತ್ಲಲ್ಲಿ ಕೂತು ಅತ್ತಿದ್ದು ನಾನ್ ನೋಡೀನಿ. ಇವ್ರೂ ಒಂದಿನ ನನ್ನ ಹಂಗೆ ಕೇಳಿಬುಡ್ತಾರೇನೋ ಅನ್ನೋದೊಂದೇ ಭಯ ನಂಗೆ. ಬ್ಯಾರೆ ಏನಾದ್ರೂ ಬರ್ಲಿ, ತಡ್ಕತೀನಿ."

ಸೊಪ್ಪಿನ ಕಟ್ಟನ್ನು ನಾನೇ ಅವರ ಕೈಯಿಂದ ತೆಗೆದುಕೊಂಡೆ.

ಎರಡು ದಿನ ಬಿಟ್ಟು ಅವರೇ ಕರೆದರು. "ಲಾಯರಮ್ಮ, ಹಂದನಕೆರೆ ದಾರಿಗೆ ಹೋಗಿ ಬರಾಣ ಬಾ. ಸುಮ್ನೆ, ಜೊತೆಗೆ." ಜೊತೆ ಕೇಳುವವರಲ್ಲ ಅವರು. ಹೋಗಿ ಪಕ್ಕದಲ್ಲಿ ಕೂತೆ. ಟ್ರಿಪ್ ಮೀಟರನ್ನು ಸೊನ್ನೆಗೆ ಒತ್ತಿದರು, ಸೊನ್ನೆಗೆ ಬಂತೋ ಇಲ್ಲವೋ ಎಂದು ಬಗ್ಗಿ ನೋಡಿದರು, ಮತ್ತೊಮ್ಮೆ ಒತ್ತಿದರು.

ಐವತ್ತು ದಾಟಿಸಿ ಓಡಿಸುವ ಪದ್ಧತಿ ಅವರಿಗಿರಲಿಲ್ಲ. ಅಂದೂ ಮುಳ್ಳು ಐವತ್ತರಲ್ಲೇ ಇತ್ತು. ಆದರೆ ಅವರು ಒಮ್ಮೆ ಮುಳ್ಳನ್ನು, ಒಮ್ಮೆ ಪಕ್ಕದ ತೋಟದ ಸಾಲನ್ನು ನೋಡುತ್ತಲೇ ಇದ್ದರು.

"ಒಂದ್ ಮಾತು ಕೇಳ್ತೀನಿ, ನಗಬಾರ್ದು."

"ಕೇಳಿ ದೊಡ್ಡಪ್ಪ."

"ಮೀಟರು ಐವತ್ತು ಅಂತದೆ. ತೆಂಗಿನಮರಗಳು ಐವತ್ತಲ್ಲ ಅಂತವೆ. ಐವತ್ತರಲ್ಲಿ ಮರ ಹೆಂಗೆ ಹಿಂದಕ್ಕೆ ಹೋಗ್ತವೆ ಅಂತ ನಂಗೊತ್ತಿಲ್ವಾ? ಈಗ ಓಡ್ತಾವೆ. ಕಣ್ಣು ಕೆಟ್ಟೈತೋ, ತಲೆ ಕೆಟ್ಟೈತೋ."

ನಗು ಬರಲಿಲ್ಲ.

ಮೀಟರು ಇಪ್ಪತ್ತೆರಡು ತೋರಿಸಿದಾಗ ಗಾಡಿ ನಿಂತಿತು. ಎಡಕ್ಕೊಂದು ತೋಟ, ತಂತಿಬೇಲಿ, ಕಬ್ಬಿಣದ ಗೇಟು. ಅವರು ಹಾರನ್ ಹೊಡೆಯಲಿಲ್ಲ, ನನ್ನ ಮುಖ ನೋಡಿ "ಇದೇನಾ?" ಎಂದರು. ನಾನು ಆ ಕಡೆ ಹಿಂದೆಂದೂ ಬಂದವಳಲ್ಲ. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹೆಂಗಸು ಬಂದು ಗೇಟಿನ ಆಚೆ ನಿಂತರು.

"ಯಾರು ಬೇಕಾಗಿತ್ರೀ?"

ದೊಡ್ಡಪ್ಪನಿಗೆ ಗೊತ್ತಿದ್ದ ಹೆಸರು ಒಂದೇ.

"ಇಪ್ಪತ್ತೆರಡು" ಎಂದರು.

"ಇಪ್ಪತ್ತೆರಡು ಏನು? ಕಾಯಾ?"

ನಾನು ಏನೋ ಸಮಾಧಾನ ಹೇಳಿ ಆಕೆಯನ್ನು ಕಳಿಸಿದೆ. ತಿರುಗಿ ನೋಡಿದರೆ ಅವರು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕೂತಿದ್ದರು. "ಮನೆಗೋಗಾಣ ಕಣಮ್ಮ" ಎಂದರು. ಲಾಯರಮ್ಮ ಅನ್ನಲಿಲ್ಲ.

ವಾಪಸು ಬರುವಾಗ ಅವರ ಮುಖ ನೋಡಲಾಗದೆ ಹೊರಗೆ ನೋಡುತ್ತಿದ್ದೆ. ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳು ಬರುತ್ತಿದ್ದವು. ಎಲ್ಲಾದರೂ ಕಣ್ಣಿಡಬೇಕಲ್ಲ, ಕಲ್ಲು ನೋಡಿದೆ, ಮೀಟರು ನೋಡಿದೆ. ಮತ್ತೊಂದು ಕಲ್ಲು, ಮತ್ತೆ ಮೀಟರು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಮೀಟರು ಒಂದು ಕಿಲೋಮೀಟರ್ ಮುಗಿಸುತ್ತಿರಲಿಲ್ಲ. ಪ್ರತಿ ಸಲವೂ ಚೂರು ಹಿಂದೆ. ಒಂದು ಕಲ್ಲು ತಪ್ಪು ಜಾಗದಲ್ಲಿರಬಹುದು. ಸಾಲುಸಾಲಾಗಿ ಅಷ್ಟೂ ಕಲ್ಲುಗಳು ಒಂದೇ ಅಳತೆಯಲ್ಲಿ ಸುಳ್ಳು ಹೇಳುವುದಿಲ್ಲ.

"ದೊಡ್ಡಪ್ಪ, ಗಾಡಿ ನಿಲ್ಸಿ!"

"ಯಾಕೆ, ವಾಂತಿನಾ?"

"ಮೀಟರ್ ಏನನ್ನ ಎಣಿಸುತ್ತೆ ಹೇಳಿ?"

"ಇನ್ನೇನ್ ಎಣಿಸ್ತದೆ, ಕಿಲೋಮೀಟರ್‌ನ."

"ಇಲ್ಲ. ಅದಕ್ಕೆ ರಸ್ತೆ ಕಾಣಲ್ಲ. ಚಕ್ರ ಎಷ್ಟು ಸುತ್ತು ಸುತ್ತಿತು ಅನ್ನೋದಷ್ಟೇ ಅದಕ್ಕೆ ಗೊತ್ತು. ಒಂದು ಸುತ್ತಿಗೆ ಇಷ್ಟು ದೂರ ಅಂತ ಹಳೇ ಟೈರಿಗೆ ಕಟ್ಟಿದ ಲೆಕ್ಕ ಅದು. ನೀವು ಟೈರ್ ಎತ್ತರ ಮಾಡಿದ್ರಿ. ಒಂದು ಸುತ್ತಿಗೆ ಜಾಸ್ತಿ ದೂರ ಹೋಗ್ತಿದ್ದೀರಿ. ಅದು ಹಳೇ ಲೆಕ್ಕಾನೇ ಹೇಳ್ತಾ ಐತೆ."

ಎಷ್ಟೋ ದಿನಗಳ ನಂತರ ಆ ಟವೆಲ್ಲು ಎಡದಿಂದ ಬಲಕ್ಕೆ ಬಂತು.

"ಅದೆಂಗೆ ಹೇಳ್ತೀಯ?"

ಆ ಪ್ರಶ್ನೆ ಕೇಳಿ ನನಗೆ ಕುಣಿಯಬೇಕು ಅನಿಸಿತು. "ಸ್ಟೆಪ್ನಿ ಯಾವುದೈತೆ?"

"ಹಳೇದೇ. ನಾಲ್ಕೇ ಸಿಕ್ಕಿದ್ದು."

ಸ್ಟೆಪ್ನಿ ಇಳಿಸಿದೆವು. ಅವರ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು, ಮುಂದಿನ ಚಕ್ರ ನೆಲಕ್ಕೆ ತಾಗುವ ಕಡೆ ಟೈರಿಗೂ ರಸ್ತೆಗೂ ಸೇರಿಸಿ ಒಂದು ಗೀಟು ಎಳೆದೆ. ಅವರು ಗಾಡಿಯನ್ನು ಆಮೆಯ ಹಾಗೆ ಮುಂದಕ್ಕೆ ಬಿಟ್ಟರು. ಟೈರಿನ ಬಿಳಿ ಗೀಟು ಒಂದು ಸುತ್ತು ಬಂದು ಮತ್ತೆ ನೆಲ ಮುಟ್ಟಿದ ಕಡೆ ಕೈಯೆತ್ತಿದೆ, ಅಲ್ಲೊಂದು ಗುರುತು. ಆಮೇಲೆ ಸ್ಟೆಪ್ನಿಗೂ ಸುಣ್ಣ ಹಚ್ಚಿ, ಅದೇ ಮೊದಲ ಗೀಟಿನಿಂದ ಕೈಯಲ್ಲಿ ಉರುಳಿಸಿಕೊಂಡು ಬಂದೆ. ಅದರ ಒಂದು ಸುತ್ತು ಮೊದಲೇ ಮುಗಿದುಹೋಯಿತು. ಎರಡು ಬಿಳಿ ಗುರುತುಗಳ ನಡುವೆ ಖಾಲಿ ಟಾರು.

ಅವರು ಕುಕ್ಕರುಗಾಲಲ್ಲಿ ಕೂತು ಆ ಖಾಲಿ ಜಾಗದ ಮೇಲೆ ಗೇಣಿಟ್ಟರು. ಗೇಣಿಗೆ ಕೊಂಚ ಕಡಿಮೆ.

"ಒಂದ್ ಸುತ್ತಿಗೆ ಇಷ್ಟಾ?"

"ಒಂದೇ ಸುತ್ತಿಗೆ. ಇಪ್ಪತ್ತೆರಡು ತೋರಿಸೋ ಹೊತ್ತಿಗೆ ಚಕ್ರ ಹತ್ತು ಸಾವಿರದ ಮೇಲೆ ಸುತ್ತಿರುತ್ತೆ. ಅಷ್ಟೂ ಸುತ್ತಿಗೆ ಇಷ್ಟಿಷ್ಟು ಸೇರ್ಸಿ. ನಿಮ್ಮ ಇಪ್ಪತ್ತೆರಡು ಹಿಂದೇನೇ ಉಳ್ಕೊಂತು. ನೀವು ಒಂದೂವರೆ ಕಿಲೋಮೀಟರ್‌ಗೂ ಜಾಸ್ತಿ ಮುಂದೆ ಬಂದು ಹುಡುಕ್ತಾ ಇದ್ದೀರಿ."

"ಮತ್ತೆ ಮರಗಳು?"

"ಮೀಟರ್ ಐವತ್ತು ಅಂದಾಗ ನೀವು ಓಡಿಸ್ತಿರೋದು ಐವತ್ನಾಲ್ಕರ ಹತ್ರ."

"ಹಂಗಾರೆ ಮರ ಹೇಳಿದ್ದೇ ನಿಜ."

"ಮರ ಹೇಳಿದ್ದೇ ನಿಜ."

ಅವರು ಅಲ್ಲೇ ಸ್ಟೆಪ್ನಿಯ ಮೇಲೆ ಕೂತುಬಿಟ್ಟರು. ಮೊದಲು ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. ಆಮೇಲೆ ಟವೆಲ್ಲಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿದರೆ ಎರಡೂ ಇತ್ತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರು ಇಳಿದು, "ಏನ್ರೀ ಯಜಮಾನ್ರೆ, ಪಂಚರ್ರಾ?" ಎಂದರು. "ಇಲ್ಲ ಕಣಪ್ಪ, ಪಂಚರ್ ಅಂದ್ಕಂಡಿದ್ದೆ, ಅಲ್ಲ" ಎಂದು ಇವರು ಇನ್ನಷ್ಟು ನಕ್ಕರು. ಅವರ ಅಪ್ಪನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಗು ನಿಂತ ಮರುಕ್ಷಣ ಬೆರಳು ನನ್ನ ಕಡೆ ತಿರುಗಿತು. "ತಡಿ ತಡಿ. ಮೀಟರ್ ದೂರಾನ ಕಮ್ಮಿ ಹೇಳ್ತಿತ್ತು ಅಂದ್ರೆ, ನಿನ್ನ ಮೈಲೇಜ್ ಲೆಕ್ಕ?"

ಮೀಟರನ್ನು ಸಾಕ್ಷಿಯಾಗಿ ಕರೆದವಳು ನಾನು. ಅದನ್ನೇ ಸುಳ್ಳುಸಾಕ್ಷಿ ಎಂದು ಸಾಬೀತು ಮಾಡಿದವಳೂ ನಾನು. ರಸ್ತೆಯಲ್ಲೇ ನಿಂತು ಮತ್ತೆ ಭಾಗಿಸಿದೆ. ನಿಜವಾಗಿ ಹೋದ ದೂರ ಹಾಕಿದರೆ ಮೈಲೇಜು ಇಳಿದಿರಲಿಲ್ಲ. ಮೊದಲಿಗಿಂತ ಚೂರೇ ಚೂರು ಏರಿತ್ತು.

"ಉಳಿತಾಯ ಅನ್ನೋವಷ್ಟಿಲ್ಲ ದೊಡ್ಡಪ್ಪ. ಉಗುರಿನಷ್ಟು. ಅದೂ ಟೈರಿಂದಾನೋ, ಈ ತಿಂಗಳು ನೀವು ಲೋಡ್ ಕಮ್ಮಿ ಹಾಕಿದ್ದಕ್ಕೋ ಹೇಳಕ್ಕಾಗಲ್ಲ."

"ಉಗುರು ನಂದೇ ಅಲ್ವಾ? ನಾನ್ ಗೆದ್ದೆ."

ಗಾಡಿ ತಿರುಗಿಸಿ ಇಪ್ಪತ್ತೆರಡಕ್ಕೆ ಹೋದೆವು, ನಿಜವಾದ ಇಪ್ಪತ್ತೆರಡಕ್ಕೆ. ತೋಟದ ಯಜಮಾನರು ಗೇಟಿಗೇ ಬಂದು, "ಏನ್ರೀ, ಈ ಸಲ ನಮ್ಮನ್ನ ಮರ್ತೇಬಿಟ್ರಿ ಅಂದ್ಕಂಡಿದ್ವಿ" ಎಂದರು. ಪಾಪ, ಉಪಚಾರದ ಮಾತು. ದೊಡ್ಡಪ್ಪ ಆ ಮನುಷ್ಯ ಒಂದು ಹೆಜ್ಜೆ ಹಿಂದಕ್ಕೆ ಹೋಗುವಂತೆ ಗುಡುಗಿದರು. "ಮರೆಯೋನಲ್ಲ ನಾನು! ಟೈರ್ ಕಣ್ರೀ, ಟೈರ್!"

ನಾನು ಅಲ್ಲಿಗೆ ಬಿಡಲಿಲ್ಲ. ಒಂದು ಕಾರಣ ಸಿಕ್ಕಿತೆಂದರೆ ಇನ್ನೊಂದು ಕಾರಣ ಇಲ್ಲವೆಂದು ಅರ್ಥವಲ್ಲ. ಟೈರೂ ಎತ್ತರವಾಗಿರಬಹುದು, ಮರೆವೂ ಶುರುವಾಗಿರಬಹುದು. ಇದನ್ನು ಹೇಳಿದ್ದಕ್ಕೆ ಅವರು ಒಂದು ದಿನ ನನ್ನೊಡನೆ ಮಾತು ಬಿಟ್ಟರು. ಆದರೆ ದೊಡ್ಡಮ್ಮ ನನ್ನ ಪರ ನಿಂತರು; ತುಮಕೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದು ಡಾಕ್ಟರು ಹೇಳಿದರೆ, ಇವರು ಸರಸರ ಕೊನೆ ಮುಟ್ಟಿ, "ಎರಡು ಮಿಕ್ಕಿತು, ಏನ್ ಮಾಡ್ಲಿ?" ಎಂದು ಕೇಳಿದರು. ಗಡಿಯಾರ ಬರೆಯಿರಿ ಎಂದರೆ, "ನಿಮ್ಮ ಗೋಡೆ ಮೇಲಿರೋದು ನಿಂತೈತೆ, ಹಂಗೇ ಬರೀಲಾ?" ಎಂದರು. ನೋಡಿದರೆ ನಿಜವಾಗಿಯೂ ನಿಂತಿತ್ತು. ಡಾಕ್ಟರು ನಗುತ್ತ, ಸದ್ಯಕ್ಕೆ ಏನೂ ಕಾಣುತ್ತಿಲ್ಲ, ವರ್ಷಕ್ಕೊಮ್ಮೆ ತೋರಿಸಿ ಎಂದರು. ಮೆಟ್ಟಿಲು ಇಳಿದವರೇ ದೊಡ್ಡಮ್ಮ ಬಾಗಿಲಲ್ಲಿದ್ದ ಹೂವಿನವಳ ಹತ್ತಿರ ಎರಡು ಮೊಳ ಮಲ್ಲಿಗೆ ಕೊಂಡರು, ಚೌಕಾಸಿ ಮಾಡದೆ.

ಹಳೆಯ ಕುಳ್ಳ ಟೈರುಗಳೇ ಮತ್ತೆ ಬಂದವು. ಗೆದ್ದ ಟೈರನ್ನು ಯಾಕೆ ಬಿಚ್ಚಿಸಿದಿರಿ ಎಂದು ಕೆಣಕಿದೆ.

"ಮತ್ತೇನು, ಇಪ್ಪತ್ತೆರಡನ್ನ ಇನ್ಮೇಲೆ ಇಪ್ಪತ್ತು ಅಂತ ಕರೆಯಕ್ಕಾಯ್ತದಾ? ಇಪ್ಪತ್ತು ಬ್ಯಾರೆಯವ್ರು ಅವ್ರೆ. ನಾಳೆ ಅವ್ರಿಬ್ರೂ ಜಗಳಕ್ಕೆ ಬತ್ತಾರೆ."

ಆಮೇಲೆ ಅವರು ಎಷ್ಟೋ ಅಟ್ಟ ಹತ್ತಿದರು, ಎಷ್ಟೋ ಕಾಯಿ ಅಲ್ಲಾಡಿಸಿದರು, ನನ್ನೊಡನೆ ಲೆಕ್ಕವಿಲ್ಲದಷ್ಟು ವಾದ ಮಾಡಿದರು. ಈ ವರ್ಷ ಎದೆನೋವು ಬಂತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ನೋಡಲು ಬಂದವರನ್ನೆಲ್ಲ ತೋಟದ ನಂಬರು ಹಿಡಿದು ಮಾತಾಡಿಸಿದರು, ಒಬ್ಬರದೂ ತಪ್ಪಲಿಲ್ಲ. ಐದನೆಯ ದಿನ ಬೆಳಿಗ್ಗೆ ಹೋದರು. ನಾನು ಆಗ ಪರೀಕ್ಷೆ ಬರೆಯಲು ಬೇರೆ ಊರಿಗೆ ಹೋಗಿದ್ದ ಕಾರಣ ಬರಲಾಗಿದ್ದು ಎಲ್ಲ ಮುಗಿದ ಮೇಲೆ.

ದೊಡ್ಡಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಕೂತೆ. ಅವರೇ ನನ್ನ ಕೈ ಹಿಡಿದುಕೊಂಡರು. ಅವರ ಮುಖ ಅತ್ತು ಸೋತಿತ್ತು, ಆದರೆ ಕಂಗೆಟ್ಟಿರಲಿಲ್ಲ. ಬಹಳ ದಿನದಿಂದ ಹೊತ್ತಿದ್ದ ಮೂಟೆಯನ್ನು ಎಲ್ಲೋ ಕೆಳಗಿಟ್ಟು ಬಂದವರ ಮುಖದಂತಿತ್ತು.

"ಬೆಳಿಗ್ಗೆ ಮಂಚದ ಪಕ್ಕ ನಿಂತಿದ್ದೆ ಕಣಮ್ಮ. ಕಣ್ಣು ಬಿಟ್ರು. ಸುಮಾರು ಹೊತ್ತು ನನ್ನೇ ನೋಡಿದ್ರು. ಯಾರಮ್ಮ ನೀನು ಅಂತ ಈಗ ಕೇಳ್ತಾರೆ, ಈಗ ಕೇಳ್ತಾರೆ ಅಂತ ಮಂಚದ ಸರಳು ಹಿಡ್ಕಂಡೆ."

"ಏನಂದ್ರು ದೊಡ್ಡಮ್ಮ?"

"'ಕಿಟಕಿಗೆ ಅಡ್ಡ ನಿಂತ್ಕಂಡಿದ್ದೀಯಲ್ಲೇ, ಗಾಳಿ ಬರದು ಬ್ಯಾಡ್ವಾ' ಅಂದ್ರು." ಸೆರಗಿನಿಂದ ಮೂಗು ಒರೆಸಿಕೊಂಡು ಅವರು ಸಣ್ಣಗೆ ನಕ್ಕರು. "ನರ್ಸಮ್ಮನೂ ಅಲ್ಲೇ ಅಡ್ಡ ನಿಂತಿದ್ಲು ಕಣಮ್ಮ. ಅವಳಿಗೆ ಏನೂ ಅನ್ಲಿಲ್ಲ."